ದೇಜಪ್ಪನ ಹೆಸರಲ್ಲಿ ಬಂದವನು

ಆ ಶನಿವಾರ ಸಂಜೆ ಡೊಂಬಿವಲಿಯಲ್ಲಿ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಕಲ್ಯಾಣದ ಆಚೆ ಹಳಿಯ ಮೇಲೆ ನೀರು ಬಂದು ಲೋಕಲ್ ಗಾಡಿಗಳು ನಿಂತಿದ್ದವು. ರಿಕ್ಷಾದವರು ಮುಖ ಎತ್ತಿ ಮಾತಾಡುತ್ತಿರಲಿಲ್ಲ. ನಮ್ಮ ಕನ್ನಡ ಸಂಘದ ಮಹಡಿಯ ಕೋಣೆಯಲ್ಲಿ ಶನಿವಾರದ ಲಿನಕ್ಸ್ ಕ್ಲಾಸು ಮುಗಿದು ಅರ್ಧ ಗಂಟೆಯಾಗಿದ್ದರೂ ಯಾರೂ ಎದ್ದಿರಲಿಲ್ಲ. ಕಾಲೇಜಿನ ಸಮಿತ್, ಅನುಷ್ಕಾ, ಇನ್ನೂ ನಾಲ್ಕೈದು ಮಕ್ಕಳು, ಪಾಠ ಹೇಳುವ ದೇಜಪ್ಪ ಅಂಕಲ್, ಅವರ ಸಹಾಯಕ್ಕೆ ಹೋಗುವ ರಮಿತಾ ಎಂಬ ನಾನು, ಇಷ್ಟೇ ಜನ.

ದೇಜಪ್ಪ ಅಂಕಲ್ ಘಣಸೋಲಿಯ ಒಂದು ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಂಡು ನಿವೃತ್ತರಾದವರು. ಈಗ ನಾನು ಅದೇ ಕಂಪನಿಯಲ್ಲಿದ್ದೇನೆ, ಸೇರಿಸಿದ್ದೂ ಅವರೇ. ನನ್ನ ಅಪ್ಪ ಜಯಶೀಲ ಕೂಡ ಅಲ್ಲಿಯೇ ಇದ್ದವರು, ನನಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು. ಈ ಸಂಗತಿಯನ್ನು ನಾನು ಆಫೀಸಿನಲ್ಲಾಗಲಿ ಕ್ಲಾಸಿನಲ್ಲಾಗಲಿ ಯಾರಿಗೂ ಹೇಳಿರಲಿಲ್ಲ. ಕಾರಣ, ನಮ್ಮ ಕೆಲಸದವರ ನಡುವೆ ಅಪ್ಪನ ಹೆಸರು ಒಂದು ತಮಾಷೆಯಾಗಿತ್ತು. ದೂರದ ಸರ್ವರಿನೊಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎನ್ನುವ ಫೈರ್‌ವಾಲ್ ಬದಲಿಸಲು ಹೋಗಿ ತನ್ನನ್ನೇ ಹೊರಗೆ ಹಾಕಿಕೊಂಡವನಿಗೆ ‘ಜಯಶೀಲ ಮಾಡಿದ’ ಅನ್ನುತ್ತಾರೆ. ಕ್ಲಾಸಿನ ಮಕ್ಕಳ ಬಾಯಿಗೂ ಅದು ಬಂದಿತ್ತು. ಅಪ್ಪ ಅಂಥ ತಪ್ಪು ಮಾಡಿದರು, ಸರಿಪಡಿಸಲು ಹೋಗುವಾಗ ನೀರಿಗೆ ಬಿದ್ದು ಸತ್ತರು. ನನಗೆ ಗೊತ್ತಿದ್ದದ್ದು ಅಷ್ಟೇ.

ಆ ಸಂಜೆ ಅಭ್ಯಾಸದ ಮಿಷನ್ನಿನ ಮೇಲೆ ಸಮಿತ್ ಅದನ್ನೇ ಮಾಡಿದ. ಸ್ಕ್ರೀನು ಅಲುಗಾಡದೆ ನಿಂತಿತು. “ಅರೇ, ಇಸ್ನೇ ತೋ ಜಯಶೀಲ ಕರ್ ದಿಯಾ!” ಎಂದು ಅನುಷ್ಕಾ ಕೂಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾರಿಗೂ ಅನುಮಾನ ಬಾರದಿರಲಿ ಎಂದು ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕೆ.

ದೇಜಪ್ಪ ಅಂಕಲ್ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದು, ಆಮೇಲೆ ಕುರ್ಚಿಯನ್ನು ಎಳೆದು ನಮ್ಮ ನಡುವೆ ತಂದುಕೊಂಡು ಕೂತರು.

“ನಗಿ, ನಗಿ... ನಗ್ಲಿಕ್ಕೆ ಎಂತ ಖರ್ಚುಂಟು? ಆದ್ರೆ ಈ ಜೋಕು ಎಲ್ಲಿಂದ ಶುರುವಾದ್ದು ಅಂತ ಯಾರಿಗಾದ್ರೂ ಗೊತ್ತುಂಟಾ? ಇಲ್ಲ ಅಲ್ವಾ? ಸಮಿತ್, ಆ ಮೊಬೈಲು ಒಳಗಿಡು ಮಾರಾಯ, ನೀನು ಎಷ್ಟು ಸಲ ನೋಡಿದ್ರೂ ಗಾಡಿ ಬರ್ಲಿಕ್ಕಿಲ್ಲ. ದೆವ್ವದ ಕತೆ ನೀವು ಬೇಕಾದಷ್ಟು ಕೇಳಿದ್ದೀರಿ... ದೆವ್ವ ಲಾಗಿನ್ ಮಾಡಿದ ಕತೆ ಕೇಳಿದ್ದೀರಾ? ರಮಿತಾ, ನೀನು ಮುಂದೆ ಬಾ. ನೀನು ಹಿಂದೆ ಕೂತು ಕೇಳುವ ಕತೆ ಅಲ್ಲ ಇದು.

“ಘಣಸೋಲಿಯಲ್ಲಿ ನನ್ನ ಪಕ್ಕದ ಕುರ್ಚಿ ಜಯಶೀಲಂದು. ನಮ್ಮ ಉಡುಪಿ ಕಡೆಯವ, ಠಾಣೆಯ ನಾಕಾದ ಹತ್ರ ಹೋಟೆಲಲ್ಲಿ ಹಗಲು ಪ್ಲೇಟು ಎತ್ತಿ, ರಾತ್ರಿ ಶಾಲೆಯಲ್ಲಿ ಕಲ್ತು ಮೇಲೆ ಬಂದವ. ಕೆಲಸಕ್ಕೆ ನಾನೇ ಸೇರ್ಸಿದ್ದು. ನಮ್ಮವರಲ್ಲಿ ಹೇಗೆ ಗೊತ್ತುಂಟಲ್ಲ... ಒಬ್ಬನನ್ನು ಕೆಲಸಕ್ಕೆ ಸೇರ್ಸಿದ್ರೆ ಅವನ ಊಟದ ಡಬ್ಬಿಯೂ ನಮ್ದೇ, ಅವನ ಪಾಸ್‌ವರ್ಡೂ ನಮ್ದೇ! ಅವನೂ ಹಾಗೇ, ‘ದೇಜಪ್ಪಣ್ಣ, ನಿಮ್ಮತ್ರ ಎಂತ ಮುಚ್ಚಿಡುದು’ ಅಂತ ಸ್ಕ್ರೀನು ತೆರೆದಿಟ್ಟೇ ಎದ್ದು ಹೋಗುವ. ಪಾಪದವ ಮಾರಾಯ್ರೇ, ಅಷ್ಟು ಪಾಪದವನಾಗ್ಬಾರ್ದು ಮನುಷ್ಯ.

“ಕೆಲಸದಲ್ಲಿ ಮಾತ್ರ ಭಾರೀ ಜಾಗ್ರತೆ. ದೂರದ ಮಿಷನ್ನಿನ ಫೈರ್‌ವಾಲ್ ಮುಟ್ಟುವ ಮೊದಲು ಅದಕ್ಕೊಂದು ಆರ್ಡರ್ ಕೊಟ್ಟಿಡುವ... ‘ಇನ್ನು ಐದು ನಿಮಿಷದಲ್ಲಿ ನಾನು ಬೇಡ ಅಂತ ಹೇಳದಿದ್ರೆ, ನಾನು ಬರ್ದದ್ದನ್ನೆಲ್ಲ ತೆಗ್ದುಬಿಡು.’ ಅಷ್ಟೇ. ತಪ್ಪಿ ಬಾಗಿಲು ಹಾಕಿಕೊಂಡ್ರೂ ಐದು ನಿಮಿಷಕ್ಕೆ ತನ್ನಷ್ಟಕ್ಕೆ ತೆರೀತದೆ. ಈಗ ನಾನು ನಿಮಗೆ ಕಲಿಸುದು ಅದನ್ನೇ ಅಲ್ವಾ? ನಂಗೆ ಕಲಿಸಿದ್ದು ಜಯಶೀಲ. ಹಾಗಾದ್ರೆ ಕೇಳ್ತೇನೆ... ಅಂಥವ ತನ್ನನ್ನೇ ಹೊರಗೆ ಹಾಕಿಕೊಳ್ತಾನಾ? ಹದಿನೆಂಟು ವರ್ಷದಲ್ಲಿ ಒಬ್ಬನಾದ್ರೂ ಈ ಪ್ರಶ್ನೆ ಕೇಳಿದ್ನಾ?

“ಇದೇ ಥರ ಮಳೆ, ಇದೇ ಥರ ಶನಿವಾರ. ಕಲ್ಯಾಣದ ಆಚೆ ಬದಲಾಪುರದ ಒಂದು ಆಸ್ಪತ್ರೆಯ ಸರ್ವರನ್ನು ನಾವು ಘಣಸೋಲಿಯಿಂದ ನೋಡ್ಕೊಳ್ತಾ ಇದ್ದೆವು. ಹೆಸರು ಬೇಡ, ಆಸ್ಪತ್ರೆ ಈಗ ಇಲ್ಲ. ಮಗಳಿಗೆ ಜ್ವರ ಅಂತ ಜಯಶೀಲ ಅರ್ಧ ದಿನ ರಜೆ ಹಾಕಿ ಡೊಂಬಿವಲಿಗೆ ಹೋಗಿದ್ದ. ಅವನ ಸ್ಕ್ರೀನು ತೆರೆದೇ ಇತ್ತು, ಬದಲಾಪುರದ ಮಿಷನ್ನಿನ ಒಳಗೆ ಅವನ ಹೆಸರಲ್ಲಿ. ನಾಲ್ಕು ಗಂಟೆಗೆ ಅವನ ಟೇಬಲಿಗೆ ಆಸ್ಪತ್ರೆಯಿಂದ ಫೋನು, ನಾನು ಅವನ ಕುರ್ಚಿಯಲ್ಲೇ ಕೂತು ಎತ್ತಿದೆ, ಹೊರಗಿನವರು ಯಾರೋ ಒಳಗೆ ಬರ್ಲಿಕ್ಕೆ ನೋಡ್ತಿದ್ದಾರೆ, ಬೇಗ ಬಂದ್ ಮಾಡಿ ಅಂತ. ನಂಗೆ ಗಾಡಿ ನಿಲ್ಲುವುದರೊಳಗೆ ಮನೆ ಸೇರುವ ಗಡಿಬಿಡಿ. ಎದ್ದು ನನ್ನ ಕುರ್ಚಿಗೆ ಹೋಗಿ ನನ್ನ ಹೆಸರಲ್ಲಿ ಒಳಗೆ ಹೋಗುವಷ್ಟೂ ತಾಳ್ಮೆ ಇಲ್ಲ. ಅವನದ್ರಲ್ಲೇ ಶುರು ಮಾಡಿದೆ. ಐದು ನಿಮಿಷದ ಆರ್ಡರ್ ಕೊಡ್ಲಿಲ್ಲ. ‘ಇಷ್ಟು ಸಣ್ಣ ಕೆಲಸಕ್ಕೆ ಎಂತದು’ ಅಂತ! ಮೊದಲ ಸಾಲಲ್ಲಿ ಎಲ್ಲರಿಗೂ ಬಾಗಿಲು ಬಂದ್ ಅಂತ ಬರ್ದು ಎಂಟರ್ ಒತ್ತಿದೆ. ನಮ್ಮ ಆಫೀಸಿನವರನ್ನು ಬಿಡು ಅಂತ ಎರಡನೇ ಸಾಲಲ್ಲಿ ಬರೀಲಿಕ್ಕಿತ್ತು... ಎರಡನೇ ಸಾಲು ಬರೀಲಿಕ್ಕೆ ನಾನು ಒಳಗಿದ್ರೆ ಅಲ್ವಾ?

“ಆಸ್ಪತ್ರೆಯ ಟೇಬಲಿನ ಕಂಪ್ಯೂಟರುಗಳೆಲ್ಲ ಸತ್ತು ಕೂತವು. ಯಾರಿಗೆ ಯಾವ ರಕ್ತ, ಯಾರಿಗೆ ಯಾವ ಮದ್ದು, ಎಲ್ಲ ಅದರೊಳಗೆ. ಇನ್ನು ಯಾರಾದ್ರೂ ಬದಲಾಪುರಕ್ಕೆ ಹೋಗಿ ಆ ಮಿಷನ್ನಿನ ಎದುರೇ ಕೂತು ತೆಗೀಬೇಕು, ಬೇರೆ ದಾರಿ ಇಲ್ಲ. ಬಾಸ್ ಓಡಿ ಬಂದು ‘ಯಾರು ಮಾಡಿದ್ದು?’ ಅಂತ ಕೇಳಿದ್ರು. ಸ್ಕ್ರೀನಿನ ಮೇಲೆ ಹೆಸರು ಜಯಶೀಲಂದು. ಅವರು ನನ್ನನ್ನು ನೋಡಿದ್ರು. ನಾನು... ‘ಲಾಗಿನ್ ಅವನದ್ದೇ ಸರ್’ ಅಂದೆ.

“ಇದು ಸುಳ್ಳಲ್ಲ, ಅಲ್ವಾ? ಲಾಗಿನ್ ಅವನದ್ದೇ. ಈ ಒಂದು ಮಾತನ್ನು ನಾನು ಎಷ್ಟು ಸಲ ತೊಳ್ದು ತೊಳ್ದು ನೋಡಿದ್ದೇನೆ, ನಾಚಿಕೆ ಹೋಗುದಿಲ್ಲ ಮಕ್ಕಳೇ.

“ಮನೆಗೆ ಹೋಗುವ ಮೊದಲು ಜಯಶೀಲನೇ ಏನೋ ಬರ್ದಿಟ್ಟು ಹೋಗಿದ್ದಾನೆ ಅಂತ ತಿಳ್ಕೊಂಡು ಬಾಸ್ ಅವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದು, ಈಗಲೇ ಹೊರಡು ಅಂದ್ರು. ಆಮೇಲೆ ಅವ ನನ್ನ ಮೊಬೈಲಿಗೆ ಮಾಡಿದ. ‘ದೇಜಪ್ಪಣ್ಣ, ನಾನು ಅದನ್ನು ಮುಟ್ಟಲೇ ಇಲ್ಲ ಅಲ್ವಾ?’ ಅಂತ ಕೇಳಿದ. ನೋಡಿ, ನೀವು ಮಾಡಿದ್ದಾ ಅಂತ ಕೇಳ್ಲಿಲ್ಲ. ತನ್ನ ಮೇಲೆಯೇ ಅನುಮಾನ ಪಟ್ಟ ಪುಣ್ಯಾತ್ಮ. ನಾನು ‘ಅದೆಲ್ಲ ಆಮೇಲೆ ನೋಡುವ, ಈಗ ಹೋಗು’ ಅಂದೆ. ‘ಆಯ್ತಣ್ಣ’ ಅಂದ.”

ಅಂಕಲ್ ನಿಲ್ಲಿಸಿದರು. ಜ್ವರದ ಆ ದಿನ ಅಪ್ಪ ಹಣೆಯ ಮೇಲೆ ಕೈಯಿಟ್ಟು, ಈಗ ಬರ್ತೇನೆ ಎಂದು ಹೋದದ್ದು ನನಗೆ ನೆನಪಿದೆ.

“ಗಾಡಿ ಅಂಬರನಾಥದವರೆಗೆ ಹೋಗಿ ನಿಂತಿತು. ಜನ ಇಳಿದು ಹಳಿ ಹಿಡಿದು ನಡೆದ್ರು, ಅವನೂ ನಡೆದ. ದಾರಿಯಲ್ಲಿ ಒಂದು ನಾಲಾ ತುಂಬಿ ಹಳಿಯ ಮೇಲೆ ಹರೀತಾ ಇತ್ತು, ಕಾಲು ಜಾರಿ ಅದಕ್ಕೆ ಬಿದ್ದ. ಜೊತೆಗಿದ್ದ ಮೂರು ಜನ ಕಣ್ಣಾರೆ ನೋಡಿದ್ದಾರೆ. ಆಗ ಆರೂವರೆ ಗಂಟೆ, ಆಯ್ತಾ? ಆರೂವರೆ.

“ನಮಗೆ ಅದ್ಯಾವುದೂ ಗೊತ್ತಿಲ್ಲ. ಏಳು ನಲವತ್ತಕ್ಕೆ ಬದಲಾಪುರದ ಮಿಷನ್ ತೆರೀತು. ಆಫೀಸಲ್ಲಿ ಚಪ್ಪಾಳೆ! ‘ಜಯಶೀಲ ಮುಟ್ಟಿದ’ ಅಂತ ಬಾಸ್ ಕೂತ್ರು. ನಾನು ಒಳಗೆ ಹೋಗಿ ನೋಡಿದೆ... ಯಾರು ಯಾವಾಗ ಬಂದ, ಎಲ್ಲಿಂದ ಬಂದ ಅಂತ ಮಿಷನ್ ಬರ್ದಿಡ್ತದಲ್ಲ, ಅದನ್ನು. ಏಳು ನಲವತ್ತು. ಪಕ್ಕದಲ್ಲಿ ‘ಟಿಟಿವೈ ಒಂದು’. ಅಂದ್ರೆ ಎಂತ ಅನುಷ್ಕಾ? ಹಾಂ, ದೂರದಿಂದ ಬಂದವ ಅಲ್ಲ, ಆ ಮಿಷನ್ನಿನ ಕೀಬೋರ್ಡಿನ ಎದುರೇ ಕೂತವ. ಅದರ ಪಕ್ಕದಲ್ಲಿ ಹೆಸರು... ಜಯಶೀಲ ಅಲ್ಲ. ದೇಜಪ್ಪ! ನಾನು ಘಣಸೋಲಿಯಲ್ಲಿ ಬಾಸಿನ ಕುರ್ಚಿ ಹಿಂದೆ ನಿಂತಿದ್ದೇನೆ, ನನ್ನ ಹೆಸರು ಬದಲಾಪುರದಲ್ಲಿ ಕೂತು ಟೈಪ್ ಮಾಡ್ತಾ ಉಂಟು.

“ಆಸ್ಪತ್ರೆಯ ವಾಚ್‌ಮನ್ ಯಂಕಪ್ಪನಿಗೆ ಫೋನು ಮಾಡಿದೆ, ಕಲಬುರಗಿ ಕಡೆಯವ. ‘ಹೌದ್ರೀ, ಒಬ್ಬಾವ ಬಂದಾನ್ರೀ, ತೊಯ್ದು ತೊಪ್ಪಿ ಆಗ್ಯಾನ. ಚಾ ಕುಡೀರಿ ಅಂದ್ರ ಒಲ್ಲೆ ಅಂದ. ಹೆಸರು ರಜಿಸ್ಟರಿನ್ಯಾಗ ಬರದಾನ ನೋಡ್ರಿ, ದೇಜಪ್ಪ ಅಂತ’ ಅಂದ. ಈಗ ಎಲ್ಲಿದ್ದಾನೆ ಕೇಳಿದೆ. ಫೋನು ಹಿಡ್ಕೊಂಡೇ ಹೋಗಿ ನೋಡಿ ಬಂದ. ‘ರೂಮಿನ್ಯಾಗ ಯಾರೂ ಇಲ್ಲರೀ. ಕುರ್ಚಿ ತುಂಬ ನೀರು’ ಅಂದ. ಮರುವಾರ ಹೋಗಿ ಆ ರಜಿಸ್ಟರ್ ನೋಡಿದೆ. ಅಕ್ಷರ ಜಯಶೀಲಂದು. ಅವನ ‘ಜ’ ನಂಗೆ ಗೊತ್ತಿಲ್ವಾ?

“ತಪ್ಪು ಮಾಡ್ಲಿಕ್ಕೆ ನಾನು ಅವನ ಹೆಸರು ತಗೊಂಡೆ. ಸರಿ ಮಾಡ್ಲಿಕ್ಕೆ ಅವ ನನ್ನ ಹೆಸರು ತಗೊಂಡ.

“ಆಮೇಲಿನದ್ದು ಕೇಳಿ, ದೆವ್ವಕ್ಕಿಂತ ಹೆದರಿಕೆ ಆಗುವುದು ಅದು. ಬಾಸ್‌ಗೆ ಹೆಸರು ಓದ್ಲಿಕ್ಕೆ ಬರ್ತದೆ, ಪಕ್ಕದ ‘ಟಿಟಿವೈ ಒಂದು’ ಓದ್ಲಿಕ್ಕೆ ಬರುದಿಲ್ಲ. ‘ದೇಜಪ್ಪ, ಕೊನೆಗೆ ನೀನೇ ಉಳಿಸಿದ್ಯಲ್ಲ’ ಅಂತ ಬೆನ್ನು ತಟ್ಟಿದ್ರು. ನಾನು ಹೌದು ಅನ್ಲಿಲ್ಲ, ಅಲ್ಲ ಅಂತಲೂ ಅನ್ಲಿಲ್ಲ. ಸ್ಮಶಾನದಲ್ಲಿ ನಳಿನಾಕ್ಷಿ, ಅವನ ಹೆಂಡತಿ, ನನ್ನ ಹತ್ರ ಬಂದು ಕೇಳಿದ್ಳು... ‘ಅಣ್ಣ, ನಿಜ ಹೇಳಿ, ಇವರೇ ತಪ್ಪು ಮಾಡಿದ್ದಾ?’ ಅಂತ. ‘ಗಡಿಬಿಡಿಯಲ್ಲಿ ಆಗ್ತದಮ್ಮ, ಯಾರಿಗಾದ್ರೂ ಆಗ್ತದೆ’ ಅಂದೆ! ಇನ್ನೂ ಚಿತೆಯ ಬೆಂಕಿ ಆರಿರ್ಲಿಲ್ಲ. ನನ್ನ ನಾಲಿಗೆ ಬಿದ್ದು ಹೋಗ್ಬಾರ್ದಿತ್ತಾ?

“ಅಲ್ಲಿಂದ ಮೇಲೆ ನಮ್ಮವರು ಯಾರೇ ಬಾಗಿಲು ಹಾಕಿಕೊಳ್ಳಲಿ, ಯಾವ ಊರಿನ ಮಿಷನ್ನೇ ಇರ್ಲಿ, ಐದು ನಿಮಿಷ... ಬಾಗಿಲು ತೆರೀತದೆ. ಒಳಗೆ ನೋಡಿದ್ರೆ ದೇಜಪ್ಪ, ಟಿಟಿವೈ ಒಂದು. ಜನ ಹೇಳುದು, ‘ದೇಜಪ್ಪ ಸರ್ ಮನೆಯಲ್ಲಿ ಮಲಗಿದ್ರೂ ಒಂದು ಕಣ್ಣು ಇಲ್ಲೇ’ ಅಂತ. ಹೊಗಳಿದ್ದೇ ಹೊಗಳಿದ್ದು! ಹದಿನಾಲ್ಕು ವರ್ಷ ಅವ ದುಡಿದ, ನಾನು ಹೊಗಳಿಸಿಕೊಂಡೆ. ರಿಟೈರ್ ಆದ ದಿನ ನನ್ನ ಲಾಗಿನ್ ನನ್ನೆದುರೇ ಅಳಿಸಿದ್ರು. ‘ಅಬ್ಬ, ಮುಗೀತು’ ಅಂದ್ಕೊಂಡೆ. ಆ ಹಳೇ ಮಿಷನ್ನುಗಳೂ ಗುಜರಿಗೆ ಹೋದವು. ಈಗ ಎಲ್ಲ ಬಾಡಿಗೆ ಸರ್ವರು, ಎಲ್ಲಿ ಉಂಟು ಅಂತಲೇ ಗೊತ್ತಿಲ್ಲ, ಕೀಬೋರ್ಡ್ ಇಲ್ಲ, ಕೂರ್ಲಿಕ್ಕೆ ಕುರ್ಚಿ ಇಲ್ಲ.

“ರಮಿತಾ, ಹೋದ ತಿಂಗಳು ನೀನು ನನ್ನತ್ರ ಎಂತ ಕೇಳಿದ್ದು? ಇವರಿಗೆ ಹೇಳು.”

“ನಿಮ್ಮ ಹೆಸರು ನಮ್ಮ ಹೊಸ ಸರ್ವರಿನಲ್ಲಿ ಕಾಣಿಸ್ತಾ ಇದೆ, ಯಾಕೆ ಅಂತ ಕೇಳಿದ್ದೆ” ಎಂದೆ.

“ನಾನು ಎಂತ ಹೇಳಿದೆ?”

“ಹಳೇದು ಏನೋ ಉಳಿದಿರ್ಬೇಕು, ಅಳಿಸು ಅಂದ್ರಿ. ಅಳಿಸಿದೆ. ಮರುದಿನ ಮತ್ತೆ ಇತ್ತು.”

“ಅದು ಮೊದಲ ಸಲ ಬಂದದ್ದು ಯಾವಾಗ? ಅವತ್ತು ನೀನು ಎಂತ ಮಾಡಿದ್ದೆ?”

ಅವತ್ತು ನಾನು ಫೈರ್‌ವಾಲಿನಲ್ಲಿ ಒಂದು ಸಾಲು ತಪ್ಪಾಗಿ ಬರೆದಿದ್ದೆ. ಐದು ನಿಮಿಷದ ಆರ್ಡರನ್ನೂ ಕೊಟ್ಟಿರಲಿಲ್ಲ. ಬೆವರುತ್ತಾ ಕೂತಿದ್ದೆ, ಬಾಗಿಲು ತನ್ನಷ್ಟಕ್ಕೇ ತೆರೆದಿತ್ತು. ನನ್ನ ಅದೃಷ್ಟ ಎಂದುಕೊಂಡು ಯಾರಿಗೂ ಹೇಳದೆ ಸುಮ್ಮನಾಗಿದ್ದೆ. ಮರುದಿನ ಊಟದ ಹೊತ್ತಿಗೆ ಯಾರೋ ಜಯಶೀಲನ ತಮಾಷೆ ತೆಗೆದಾಗ ಎಲ್ಲರ ಜೊತೆ ನಕ್ಕಿದ್ದೆ. ನನ್ನನ್ನು ಕಾಯಲು ಬಂದವರ ಹೆಸರಿಗೆ ನಾನೇ ನಕ್ಕಿದ್ದೆ ಎಂಬುದು ಈಗ ತಿಳಿಯಿತು.

“ಸಮಿತ್, ಅನುಷ್ಕಾ,” ಎಂದೆ. “ಜಯಶೀಲ ನನ್ನ ಅಪ್ಪ.”

ಸಮಿತನ ಮುಖ ಸಣ್ಣದಾಯಿತು. “ಸಾರಿ ದೀದಿ... ಪತಾ ನಹೀ ಥಾ, ಗೊತ್ತಿರ್ಲಿಲ್ಲ” ಎಂದ. ಅನುಷ್ಕಾ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು.

“ಅಳ್ಬೇಡಿ ಮಕ್ಕಳೇ, ತಪ್ಪು ನಿಮ್ಮದಲ್ಲ,” ಎಂದರು ಅಂಕಲ್. “ರಮಿತಾ, ನಾಳೆ ಮಳೆ ನಿಂತ ಮೇಲೆ ನಿನ್ನ ಅಮ್ಮನ ಎದುರು ನಿಂತು ಹೇಳ್ತೇನೆ. ಸೋಮವಾರ ಕಂಪನಿಗೂ ಬರ್ದು ಕೊಡ್ತೇನೆ.”

“ಮಳೆ ನಿಲ್ಲುವ ತನಕ ಕಾಯುವುದು ಬೇಡ ಅಂಕಲ್. ಈಗಲೇ ಹೋಗುವ.”

ಅವರು ಎದ್ದು, ಗೋಡೆ ಹಿಡಿದು ಚಪ್ಪಲಿ ಮೆಟ್ಟಿಕೊಂಡರು. ಮೆಟ್ಟಿಲ ಬಾಗಿಲಲ್ಲಿ ನಿಂತು ಮಕ್ಕಳ ಕಡೆಗೆ ತಿರುಗಿದರು.

“ನಂಗೆ ಅರವತ್ತೆಂಟು ಆಯ್ತು, ಇನ್ನು ಎಷ್ಟು ದಿನ ಅಂತ ಗೊತ್ತಿಲ್ಲ. ನಾನು ಹೋದ ಮೇಲೆ ನೀವು ಎಲ್ಲೋ ಕೆಲಸಕ್ಕೆ ಸೇರ್ತೀರಿ, ಯಾವಾಗಾದ್ರೂ ತಪ್ಪಿ ಬಾಗಿಲು ಹಾಕಿಕೊಳ್ತೀರಿ... ಐದು ನಿಮಿಷಕ್ಕೆ ಬಾಗಿಲು ತೆರೆದು, ಒಳಗೆ ದೇಜಪ್ಪ ಅಂತ ಹೆಸರು ಕಂಡ್ರೆ, ಅಯ್ಯೋ ನಮ್ಮ ಸರ್ ಬಂದ್ರು ಅಂತ ಕೈ ಮುಗೀಬೇಡಿ. ಸತ್ತ ಮೇಲೂ ಅಲ್ಲಿಗೆ ಹೋಗುವ ಧೈರ್ಯ ನಂಗೆ ಬರ್ಲಿಕ್ಕಿಲ್ಲ. ಹೋಗ್ಬೇಕಾಗಿದ್ದವ ನಾನೇ ಮಕ್ಕಳೇ... ಅವತ್ತೂ ನಾನು ಹೋಗ್ಲಿಲ್ಲ.”