ಏರಿದ್ದನ್ನು ಏರಿದೆ ಎನ್ನಿ

ನನಗೆ ಮದುವೆಯಾಯಿತು, ಅದೂ ನಿಮ್ಮದೇ ಬೀದಿಯ ಅಂಗಿ ಅಂಗಡಿಯವರ ಜೊತೆ! ಕ್ಷಮಿಸಿ, ಮೊದಲು ವಂದನೆ ಹೇಳಬೇಕಿತ್ತು. ವರ್ತಕರ ಸಂಘದ ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ತಿಂಗಳಿಗೊಮ್ಮೆ ನನ್ನನ್ನು ಕಂಡು "ಬಂದ್ಲಪ್ಪ ಬೆಲೆ ಕೇಳೋಳು, ಒಂದು ಪಿನ್ನೂ ಕೊಳ್ಳಲ್ಲ" ಎಂದು ನಗುತ್ತಿದ್ದ ಪ್ರೀತಿಯ ಸಭಿಕರೇ,

ನಿಮ್ಮ ವಾರ್ಷಿಕೋತ್ಸವದಲ್ಲಿ ನನಗೆ ಬೀಳ್ಕೊಡುಗೆ ಇಟ್ಟುಕೊಂಡಿದ್ದೀರಿ. ಕಾರ್ಮಿಕ ಅಂಕಿಅಂಶ ಕಚೇರಿಯಿಂದ ಬೆಲೆ ಬರೆದುಕೊಳ್ಳಲು ಬರುವವಳಿಗೆ ಯಾವ ಊರಿನಲ್ಲಿ ಇಷ್ಟು ದೊಡ್ಡ ಸಭೆ ಸೇರಿಸಿದ್ದಾರೆ, ಹೇಳಿ? ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಎಲ್ಲಾದರೂ ಎಡವಿದರೆ ನಮ್ಮ ಯಜಮಾನರ ಕಡೆ ತಿರುಗಿ ನೋಡಬೇಡಿ. ಅವರು ಆಗಲೇ ಕಂಬದ ಹಿಂದೆ ಅಡಗಿದ್ದಾರೆ.

ನಾನೇಕೆ ಹೊರಟಿದ್ದೇನೆ? ಬಂಧುಗಳ ಅಂಗಡಿಯಿರುವ ಬೀದಿಯ ಬೆಲೆಯನ್ನು ನಾವು ಬರೆದುಕೊಳ್ಳುವಂತಿಲ್ಲ. ಅದು ಕಚೇರಿಯ ನಿಯಮ. ಆ ನಿಯಮ ಎಷ್ಟು ಸರಿ ಎಂಬುದಕ್ಕೆ ನನ್ನ ಮದುವೆಯ ಕಥೆಯೇ ಸಾಕ್ಷಿ.

ನೀವು ಹೇಳುವ ಬೆಲೆ ಎಲ್ಲಿಗೆ ಹೋಗುತ್ತದೆ, ಗೊತ್ತೇ? ಸಾಬೂನು, ಎಣ್ಣೆ, ಅಂಗಿ ಎಲ್ಲ ಸೇರಿ ಬೆಲೆ ಸೂಚ್ಯಂಕವಾಗುತ್ತದೆ. ಸೂಚ್ಯಂಕ ಏರಿದರೆ ನೂಲಿನ ಗಿರಣಿಯವರ ಸಂಬಳದಲ್ಲಿ ತುಟ್ಟಿಭತ್ಯೆ ಏರುತ್ತದೆ. ಇಲ್ಲದಿದ್ದರೆ ಇಲ್ಲ. ನನ್ನ ಚಿಕ್ಕಮ್ಮ ಆ ಗಿರಣಿಯಲ್ಲೇ ದುಡಿಯುತ್ತಾಳೆ. ನನ್ನ ಶಾಲೆಯ ಫೀಸು ಅವಳ ಸಂಬಳದಿಂದಲೇ ಬಂದದ್ದು.

ಕಳೆದ ವರ್ಷ ಎಲ್ಲದರ ಬೆಲೆಯೂ ಗಗನಕ್ಕೇರಿತು. ಒಂದು ಅಂಗಡಿಯಲ್ಲಿ ಮಾತ್ರ ಶಾಲೆಯ ಬಿಳಿ ಅಂಗಿಯ ಬೆಲೆ ಕದಲಲಿಲ್ಲ. "ಅಷ್ಟೇ ಇದೆ ಮೇಡಂ." ಮುಂದಿನ ತಿಂಗಳು, "ಅಷ್ಟೇ ಇದೆ ಮೇಡಂ, ಕೂತ್ಕೊಳ್ಳಿ, ಫ್ಯಾನ್ ಹಾಕ್ತೀನಿ." ಎಂಥ ಸಜ್ಜನ ವ್ಯಾಪಾರಿ ಎಂದುಕೊಂಡೆ! ಒಂದು ಸಂಜೆ ಚಿಕ್ಕಮ್ಮ ಅದೇ ಅಂಗಡಿಯಿಂದ ತನ್ನ ಮಗಳಿಗೆ ಅದೇ ಅಂಗಿ ತಂದಳು. ಕೊಟ್ಟದ್ದು ಎಷ್ಟು? ನಾನು ಬರೆದುಕೊಂಡ ಬೆಲೆಯ ಒಂದೂವರೆ ಪಟ್ಟು!

"ನಿನ್ನ ಸರ್ಕಾರಿ ಬೆಲೆ ನಿನಗೊಬ್ಬಳಿಗೇ ಕಣೇ ತಾಯಿ" ಎಂದಳು.

ಮರುದಿನವೇ ಹೋಗಿ ಕೇಳಿದೆ, "ಯಾಕ್ರೀ ಸುಳ್ಳು ಹೇಳಿದ್ರಿ?"

ಅವರು ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ, "ಜಾಸ್ತಿಯಾಗಿದೆ ಅಂದ್ರೆ ನಿಮ್ಮ ಮುಖ ಸಪ್ಪಗಾಗುತ್ತೆ. ನನ್ನ ಕೈಲಿ ನೋಡಕ್ಕಾಗಲ್ಲ" ಎಂದರು.

ಆ ಮಾತು ಮನಸ್ಸಿಗೆ ಹಿಡಿಸಿತು, ನಿಜ. ಆದರೂ ಬಿಡಲಿಲ್ಲ. "ನನ್ನ ಮುಖ ನೋಡ್ಕೊಂಡು ಗಿರಣಿಯವರ ಹೊಟ್ಟೆ ಮೇಲೆ ಹೊಡೀತೀರಾ?" ಎಂದೆ. ಮೇಲಧಿಕಾರಿಗೂ ತಿಳಿಸಿದೆ. "ಈ ಊರಿನ ಅಂಕಿಗಳನ್ನೇ ಕೈಬಿಡೋಣ" ಎಂದರು ಅವರು. ಬೇಡವೆಂದು ಹಟ ಹಿಡಿದು, ನಿಮ್ಮೆಲ್ಲರ ಮೆಟ್ಟಿಲನ್ನೂ ಮತ್ತೆ ಹತ್ತಿದೆ, ಪ್ರತಿಯೊಂದು ಬೆಲೆಯನ್ನೂ ಮತ್ತೆ ಕೇಳಿದೆ. ತಿದ್ದಿದ ಸೂಚ್ಯಂಕ ಹೊರಬಂತು, ಭತ್ಯೆ ಏರಿತು. ಆ ದಿನ ಗಿರಣಿಯ ಗೇಟಿನಲ್ಲಿ ಚಿಕ್ಕಮ್ಮ ಸಿಕ್ಕಸಿಕ್ಕವರಿಗೆಲ್ಲ "ಇವಳು ನಮ್ಮ ಹುಡುಗಿ" ಎಂದಳು. ನನಗೆ ಇನ್ನಾವ ಪದಕ ಬೇಕು?

ಮುಂದಿನ ತಿಂಗಳು ಅಂಗಿಯವರು ತಲೆ ತಗ್ಗಿಸಿ, "ಏರಿದೆ ಮೇಡಂ" ಎಂದರು. ಬೆಲೆ ಏರಿದ್ದಕ್ಕೆ ಹಿಗ್ಗಿದ ಹೆಣ್ಣು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು! ಕಷ್ಟವಾದರೂ ನಿಜ ಹೇಳುವ ಗಂಡು ಸಿಕ್ಕರೆ ಯಾರು ಬಿಡುತ್ತಾರೆ?

ಈಗ ನನ್ನ ಜಾಗಕ್ಕೆ ಹೊಸಬಳು ಬರುತ್ತಾಳೆ. ನನ್ನ ಕೈಯಲ್ಲೇ ತರಬೇತಿ ಪಡೆದವಳು, ಮೆತ್ತಗೆ ಮಾತಾಡುವವಳು. ಅವಳು ಬರೆದುಕೊಳ್ಳುವ ಮೊದಲ ತಿಂಗಳ ಬೆಲೆಯ ಮೇಲೆಯೇ ಗಿರಣಿಯ ಹೊಸ ಸಂಬಳದ ಮಾತುಕತೆ ನಡೆಯಲಿದೆ. ಆದ್ದರಿಂದ ಕೈಮುಗಿದು ಕೇಳುತ್ತೇನೆ: ಅವಳಿಗೆ ಫ್ಯಾನ್ ಹಾಕಿ, ನೀರು ಕೊಡಿ, ರಿಯಾಯಿತಿ ಮಾತ್ರ ಕೊಡಬೇಡಿ. ಏರಿದ್ದನ್ನು ಏರಿದೆ ಎನ್ನಿ, ಇಳಿದದ್ದನ್ನು ಇಳಿದಿದೆ ಎನ್ನಿ. ಗಿರಣಿಯವರ ಕೈಯಲ್ಲಿ ಕಾಸಾಡಿದರೆ ತಾನೇ ನಿಮ್ಮ ಗಲ್ಲಾಪೆಟ್ಟಿಗೆ ತುಂಬುವುದು?

ಇಷ್ಟು ದಿನ ಬೇಸರಿಸದೆ ಉತ್ತರಿಸಿದ, ಕೊನೆಗೆ ಒಬ್ಬ ಗಂಡನನ್ನೂ ಕೊಟ್ಟ ಈ ಬೀದಿಗೆ ಹೃತ್ಪೂರ್ವಕ ಧನ್ಯವಾದಗಳು, ನಮಸ್ಕಾರ. ಹಾಂ, ಯಾರಾದರೂ ನಿಲ್ದಾಣಕ್ಕೆ ಹೋಗಿ ಆ ಹೊಸಬಳನ್ನು ಕರೆತನ್ನಿ: ಅವಳು ಬರುವುದು ಬುಧವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ.