ಸುಣ್ಣವೆಂದು ಎರಚಿದ ಪುಡಿ

ನನ್ನ ಹೆಸರು ಯಮುನಾ ಕೋಂ ಕೃಷ್ಣಕುಮಾರ್, 34 ವರ್ಷ, ವ್ಯವಸಾಯ ಮತ್ತು ಕುರಿ ಸಾಕಣೆ, ವಾಸ ಕರೆಗುಂಡಿನಹಟ್ಟಿ, ಹುಳಿಯಾರು ಹೋಬಳಿ, ಚಿಕ್ಕನಾಯಕನಹಳ್ಳಿ ತಾಲ್ಲೂಕು. ದಿನಾಂಕ 18-11-2025ರಂದು ಬೆಳಿಗ್ಗೆ 10-30ಕ್ಕೆ ಠಾಣೆಗೆ ಖುದ್ದು ಬಂದು ಹೇಳಿ ಬರೆಸುತ್ತಿರುವುದೇನೆಂದರೆ,

ನಮ್ಮ ಹಟ್ಟಿಯಿಂದ ಪೂರ್ವಕ್ಕೆ ಅರ್ಧ ಕಿಲೋಮೀಟರ್ ದೂರದಲ್ಲಿ ನಮಗೆ ಒಂದು ಎಕರೆ ಹತ್ತು ಗುಂಟೆ ಜಮೀನಿದೆ. ಅದರಲ್ಲಿ 42 ತೆಂಗಿನ ಮರಗಳಿದ್ದು, ನಡುವೆ ರಾಗಿ ಮತ್ತು ಸೊಪ್ಪು ಬೆಳೆಯುತ್ತೇವೆ. ಜಮೀನಿನ ಮೇಲ್ಗಡೆ 200 ಮೀಟರ್ ದೂರದಲ್ಲಿ ಹಳೆಯ ಬ್ಯಾಟರಿ ಒಡೆದು ಕರಗಿಸುವ ಶೆಡ್ ಇತ್ತು. 2021ರಲ್ಲಿ ಅದನ್ನು ಮುಚ್ಚಿಸಿದರು. ಅಷ್ಟರಲ್ಲಿ ಅಲ್ಲಿಯ ಬೂದಿ ಮಳೆನೀರಿನ ಜೊತೆ ನಮ್ಮ ಹೊಲಕ್ಕೂ ಅಕ್ಕಪಕ್ಕದ ಹೊಲಗಳಿಗೂ ಇಳಿದಿತ್ತು. ಆ ವರ್ಷ ನಮ್ಮ ಆರು ಕುರಿಗಳು ತಲೆಯನ್ನು ಗೋಡೆಗೆ ಒತ್ತಿಕೊಂಡು ನಿಂತು ಸತ್ತವು. 2022ರ ಮಾರ್ಚ್‌ನಲ್ಲಿ, ಆಗ ಆರು ವರ್ಷದವಳಾಗಿದ್ದ ನನ್ನ ಮಗಳು ವನಿತಾಳಿಗೆ ಹೊಟ್ಟೆನೋವು ನಿಲ್ಲದ್ದರಿಂದ ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತದಲ್ಲಿ ಸೀಸ 31 ಇದೆ, ಐದು ದಾಟಬಾರದು ಎಂದು ವೈದ್ಯರು ತಿಳಿಸಿದರು. ಅವಳು ಕಲಿತಿದ್ದ ಅಕ್ಷರಗಳಲ್ಲಿ ಅರ್ಧದಷ್ಟನ್ನು ಮರೆತಿದ್ದಳು.

ಅದೇ ವರ್ಷ ಮಣ್ಣು ವಿಜ್ಞಾನಿ ಸೂರ್ಯಪ್ರಕಾಶ್ ಎಂಬುವವರು ಹಟ್ಟಿಗೆ ಬಂದರು. ಸೀಸ ಮಣ್ಣು ಬಿಟ್ಟು ಹೋಗುವುದಿಲ್ಲ, ಆದರೆ ಸುಣ್ಣ, ಕೊಟ್ಟಿಗೆ ಗೊಬ್ಬರ ಮತ್ತು ತೆಂಗಿನ ಚಿಪ್ಪಿನ ಇದ್ದಿಲ ಪುಡಿ ಹಾಕುತ್ತಾ ಬಂದರೆ ಅದನ್ನು ಮಣ್ಣಲ್ಲೇ ಕಟ್ಟಿಹಾಕಬಹುದು, ಪೈರಿಗೆ ಏರುವುದು ಕಡಿಮೆಯಾಗುತ್ತದೆ ಎಂದು ತಿಳಿಸಿದರು. ಹೊಸದೇನನ್ನಾದರೂ ಹಾಕುವ ಮೊದಲು ತಮಗೆ ತೋರಿಸಬೇಕೆಂದೂ ಹೇಳಿದ್ದರು. ಅದಕ್ಕೆ ನನ್ನ ಅತ್ತೆ ಜುಂಜಮ್ಮ, 67 ವರ್ಷ, "ಕಟ್ಟಾಕದೇ ಆದ್ರೆ ಕಟ್ಟಾಕನ ಬುಡಿ ಸ್ವಾಮಿ, ಇಷ್ಟು ವರ್ಸ ಕುರಿ ಕಟ್ಟಾಕಿಲ್ವಾ" ಎಂದರು. ಮೂರು ವರ್ಷ ನಾವು ಗುಂಡಿಯಲ್ಲಿ ಚಿಪ್ಪು ಸುಟ್ಟೆವು. ಅತ್ತೆ ಬಾಯಿಗೆ ಸೆರಗು ಕಟ್ಟಿಕೊಂಡು ಇದ್ದಿಲನ್ನು ಒರಳಲ್ಲಿ ಕುಟ್ಟುತ್ತಿದ್ದರು. ಅವರ ಬಲಗೈ ಈಗ ಭುಜಕ್ಕಿಂತ ಮೇಲೆ ಏಳುವುದಿಲ್ಲ.

ದಿನಾಂಕ 09-04-2025ರಂದು ನಮ್ಮ ಹೊಲದ ಸೊಪ್ಪು ತಿನ್ನಲು ಯೋಗ್ಯ ಎಂಬ ವರದಿ ಬಂತು. ಆ ಹೊತ್ತಿಗೆ ಮಗಳ ರಕ್ತದಲ್ಲಿ ಸೀಸ 12ಕ್ಕೆ ಇಳಿದಿತ್ತು. ಆ ದಿನ ಮಧ್ಯಾಹ್ನ ಮೂರು ವರ್ಷದ ನಂತರ ನಮ್ಮ ಹೊಲದ್ದೇ ಸೊಪ್ಪು ಕಿತ್ತು ಮಸ್ಸೊಪ್ಪು ಮಾಡಿದೆ. ನನ್ನ ಗಂಡ ಅರ್ಧ ಊಟಕ್ಕೆ ಎದ್ದು ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರು. ಕಣ್ಣು ಕೆಂಪಗಿದ್ದವು. ಹೊಗೆ ಎಂದರು. ಅಂದು ಗ್ಯಾಸ್ ಒಲೆಯಲ್ಲಿ ಅಡುಗೆ ಮಾಡಿದ್ದೆ.

ದಿನಾಂಕ 02-06-2025ರಂದು ತುರುವೇಕೆರೆ ಕಡೆಯ ಗೊಬ್ಬರದ ವ್ಯಾಪಾರಿ ನಾಗಭೂಷಣ ಎಂಬುವವರು ಬೂದು ಬಣ್ಣದ ಪುಡಿಯ ಚೀಲಗಳನ್ನು ತಂದರು. ಸುಣ್ಣ, ಇದ್ದಿಲು ಎರಡೂ ಇದರಲ್ಲೇ ಬೆರೆತಿವೆ ಎಂದರು. "ಇನ್ನು ಕುಟ್ಟಾದೇ ಬ್ಯಾಡ ಕಣಕ್ಕ. ಎರಚಿ, ಮಳೆ ಬರ್ಲಿ, ಅಷ್ಟೇಯ" ಎಂದರು. ನಾನು ಅತ್ತೆಯ ಭುಜ ನೋಡಿ ಒಪ್ಪಿಕೊಂಡೆ. ಸೂರ್ಯಪ್ರಕಾಶ್ ಅವರಿಗೆ ಪುಡಿಯನ್ನು ತೋರಿಸಲಿಲ್ಲ.

ದಿನಾಂಕ 12-06-2025ರಂದು ಬೆಳಿಗ್ಗೆ 7 ಗಂಟೆಗೆ ಅಕ್ಕಪಕ್ಕದ ಹನ್ನೊಂದು ಮನೆಯವರನ್ನು ನಾನೇ ಕರೆದು ಎರಚುವುದನ್ನು ತೋರಿಸಿದೆ. ನಮ್ಮ ಹೊಲ ಸರಿಹೋಗಿದ್ದನ್ನು ಕಂಡಿದ್ದರಿಂದ ನನ್ನ ಮಾತು ನಂಬಿ ತಮ್ಮ ಹೊಲಗಳಿಗೂ ಎರಚಿದರು. ಪಕ್ಕದ ಹೊಲದ ಗಂಗಯ್ಯನವರ ಸೊಸೆ ಮೋನಿಕಾ, 23 ವರ್ಷ, ಕೈಗವಸು ಬೇಕೇ ಎಂದು ಕೇಳಿದಳು. "ಸುಣ್ಣ ಕಣೇ ಇದು, ಕೈಗೆ ಎಣ್ಣೆ ಹಚ್ಕೊ ಸಾಕು" ಎಂದು ನಾನು ಹೇಳಿದೆ. ಅವಳಿಗೆ ಆಗ ಎರಡು ತಿಂಗಳು. ಅದು ನನಗೆ ಗೊತ್ತಿರಲಿಲ್ಲ.

ರಾಗಿ ಚೆನ್ನಾಗಿಯೇ ಬಂತು, ಹೊಲದ ಸೊಪ್ಪನ್ನು ತಿನ್ನುತ್ತಲೇ ಇದ್ದೆವು. ಯಾವ ಸುಳಿವೂ ಇರಲಿಲ್ಲ. ದಿನಾಂಕ 22-10-2025ರಂದು ಮಗಳ ರಕ್ತ ಪರೀಕ್ಷೆ ಮಾಡಿಸಿದಾಗ ಸೀಸ 38 ಇತ್ತು. ಸೂರ್ಯಪ್ರಕಾಶ್ ಅವರು ಬಂದು ಮಣ್ಣನ್ನೂ ಉಳಿದಿದ್ದ ಪುಡಿಯನ್ನೂ ಪರೀಕ್ಷೆಗೆ ಒಯ್ದರು. ಅದು ಬ್ಯಾಟರಿ ಕರಗಿಸುವ ಕುಲುಮೆಯ ಬೂದಿ, ಮೇಲೆ ಸ್ವಲ್ಪ ಸುಣ್ಣ ಬೆರೆಸಿದೆ ಎಂದು 14-11-2025ರಂದು ವರದಿ ಬಂತು. ಮಾರನೇ ದಿನ ನಾನು ನಾಗಭೂಷಣ ಅವರಿಗೆ ಫೋನ್ ಮಾಡಿ, ಮೂರು ಚೀಲ ಇನ್ನೂ ನಮ್ಮಲ್ಲಿವೆ, ಪೊಲೀಸರಿಗೆ ಕೊಡುತ್ತೇನೆ ಎಂದೆ.

ನಿನ್ನೆ ಮಧ್ಯಾಹ್ನ 2-40ಕ್ಕೆ ಅವರು ಇನ್ನಿಬ್ಬರೊಂದಿಗೆ ಟೆಂಪೊದಲ್ಲಿ ಬಂದು ಚೀಲಗಳನ್ನು ಎತ್ತಿಕೊಂಡರು. ಅತ್ತೆ ಒಂದು ಚೀಲವನ್ನು ತಬ್ಬಿ ಹಿಡಿದರು. ಬಂದವರು ಎಳೆದಾಗ ಚೀಲ ಹರಿದು, ಅತ್ತೆ ಬಿದ್ದು ಎಡಗೈ ಮುರಿಯಿತು. "ನಾನೇನ್ ನಿಮ್ ಬಾಯಿಗ್ ಹಾಕುದ್ನಾ? ಹನ್ನೊಂದ್ ಮನೆಗೆ ಹೇಳ್ದೋಳು ನೀನು ಕಣಮ್ಮ" ಎಂದು ನಾಗಭೂಷಣ ಹೇಳಿ, ಎರಡು ಚೀಲ ಒಯ್ದರು. ಹರಿದ ಚೀಲವನ್ನು ಈ ದಿನ ಹಾಜರುಪಡಿಸಿದ್ದೇನೆ.

ಸಂಜೆ 5-15ಕ್ಕೆ ಮೋನಿಕಾ ನಮ್ಮ ಮನೆಗೆ ಬಂದಳು. ಈಗ ಅವಳಿಗೆ ಏಳು ತಿಂಗಳು. "ಯಮುನಕ್ಕ, ಕೂಸಿಗೂ ಹೋಗಿರ್ತದಾ?" ಎಂದು ಕೇಳಿದಳು. ಅವಳು ನಮ್ಮ ತೊಟ್ಟಿಯ ಬಳಿ ಬಟ್ಟೆ ಸೋಪು ಹಾಕಿ ಬಹಳ ಹೊತ್ತು ಕೈ ತೊಳೆದುಕೊಂಡು ಹೋದಳು.

ಈ ದಿನ ಬೆಳಿಗ್ಗೆ 8 ಗಂಟೆಗೆ ಸೂರ್ಯಪ್ರಕಾಶ್ ಅವರಿಗೆ ಫೋನ್ ಮಾಡಿ, ಮತ್ತೆ ಮೊದಲಿಂದ ಇದ್ದಿಲು ಹಾಕಿದರೆ ಆಗುತ್ತದೆಯೇ ಎಂದು ಕೇಳಿದೆ. ಇಷ್ಟನ್ನು ಯಾವ ಇದ್ದಿಲೂ ಹಿಡಿದಿಡಲಾರದು, ಒಂದು ಗೇಣು ಮೇಲ್ಮಣ್ಣು ತೆಗೆಸಬೇಕು, ತೆಗೆದದ್ದನ್ನು ಹಾಕಲು ಈ ಸುತ್ತಮುತ್ತ ಎಲ್ಲೂ ಜಾಗವಿಲ್ಲ ಎಂದರು. ಫೋನ್ ಇಟ್ಟು ಠಾಣೆಗೆ ಹೊರಟೆ.

ನಾಗಭೂಷಣ ಮತ್ತು ಜೊತೆಗಿದ್ದ ಇಬ್ಬರ ಮೇಲೆ ಕ್ರಮ ಕೈಗೊಳ್ಳಬೇಕು. ಅವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಯಿರಿ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಬಸವಕುಮಾರ್ ಅವರನ್ನು ಕೇಳಿದೆ. ಗೊತ್ತಿಲ್ಲದೆ ಮಾಡಿದ್ದು ಅಪರಾಧವಾಗುವುದಿಲ್ಲ, ಹಾಗೆ ಬರೆಯಲು ಬರುವುದಿಲ್ಲ ಎಂದು ಅವರು ತಿಳಿಸಿದರು. ಹಾಗಾದರೆ ನಾನು ಕೇಳಿದ್ದನ್ನಾದರೂ ಬರೆಯಿರಿ ಎಂದೆ. ಬರೆದಿದ್ದಾರೆ.

ಇದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಹುಳಿಯಾರು
ದಿನಾಂಕ: 18-11-2025
ಸಹಿ: ಯಮುನಾ