ಬಟಾಣಿ ಹೊಲ

ಕೃಷಿ ಕಾಲೇಜಿನ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಪ್ರೊಫೆಸರಮ್ಮ ಮತ್ತು ಬೀಜದ ಹೊಲ ನೋಡಿಕೊಳ್ಳುವ ಮೇಸ್ತ್ರಿ ನಿಂತಿದ್ದರು.

“ಮುಂದಿನ ಐದು ವರ್ಷದ ಯೋಜನೇಲಿ ನಮ್ಮ ಬಟಾಣಿ ಹೊಲ ಇದೆಯಾ, ಮೇಡಂ?”

“ಅಲ್ಲಿ ಆಹಾರ ಪ್ರಯೋಗಾಲಯ ಬರುತ್ತೆ, ಮೇಸ್ತ್ರಿ.”

“ಹನ್ನೊಂದು ವರ್ಷ ತಳಿ ಆರಿಸಿದ್ದೀನಿ. ಈ ಸಲ ರೋಗಾನೇ ತಗುಲಿಲ್ಲ. ಯಾರೋ ಹೊಲ ನೋಡದೆ ಬರೆದಿರಬೇಕು.”

“ನಾನೇ ಬರೆದೆ. ಖಾಲಿ ಜಾಗ ಅಂತ.”

“ನೀವು ಪಿಎಚ್‌ಡಿ ಮಾಡಿದ್ದೂ ಅಲ್ಲೇ ಅಲ್ವಾ?”

“ಹೌದು. ಡೀನ್ ಆ ಜಾಗ ಕೇಳಿದಾಗ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.”



“ಕೊಯ್ಲಿಗೆ ಮೂರು ವಾರ ಇದೆ.”

“ನಾಳೆನೇ ಟ್ರ್ಯಾಕ್ಟರ್ ಬರುತ್ತೆ.”

“ಹಾಗಾದ್ರೆ ಬಲಿತ ಕಾಯಿನಾದ್ರೂ ಇವತ್ತೇ ಬಿಡಿಸ್ಕೋತೀನಿ.”

“ನಾನೂ ಬರ್ತೀನಿ.”

“ಕೆಸರಿದೆ, ಮೇಡಂ. ಬೆಳಿಗ್ಗೆ ತಾನೇ ನೀರು ಬಿಟ್ಟೆ.”

ಆಕೆ ತಲೆ ಎತ್ತದೆ, ಸಾಲು ಬಿಟ್ಟು ಅವನ ಹಿಂದೆಯೇ ನಡೆದರು.